ನಾಲೆಯ ಬದಿಯ ಮಕ್ಕಳಿಗೊಂದು ಪುಸ್ತಕದ ಕಪಾಟು

ಅಮರಸಿಂಹನು ತನ್ನ ಕೋಶದ ಭೂಮಿವರ್ಗದಲ್ಲಿ ನಾಡುಗಳನ್ನು ವಿಂಗಡಿಸುತ್ತ ಎರಡು ಅರ್ಥವತ್ತಾದ ಪದಗಳನ್ನು ಹೇಳಿದ್ದಾನೆ. ಮಳೆಯ ನೀರನ್ನೇ ನಂಬಿ ಬೆಳೆ ತೆಗೆಯುವ ನಾಡು ದೇವಮಾತೃಕ. ನದಿಯ ನೀರಿನಿಂದ ಬೆಳೆಯುವ ನಾಡು ನದೀಮಾತೃಕ. ಮೊದಲನೆಯದಕ್ಕೆ ಮಳೆಗರೆಯುವ ದೇವನೇ ತಾಯಿ, ಎರಡನೆಯದಕ್ಕೆ ಹೊಳೆಯೇ ತಾಯಿ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಬಹುಭಾಗವು ಶತಮಾನಗಳವರೆಗೆ ದೇವಮಾತೃಕವಾಗಿದ್ದು, ಕಳೆದ ಶತಮಾನದ ಮೂವತ್ತರ ದಶಕದಲ್ಲಿ ನದೀಮಾತೃಕವಾಯಿತು. ಒಂದೇ ತಲೆಮಾರಿನ ಅವಧಿಯಲ್ಲಿ ತಾಯಿಯೇ ಬದಲಾದ ಸೀಮೆ ನಮ್ಮದು. ರಾಗಿ, ಹುರುಳಿಗಳ ಹೊಲ ಕಬ್ಬು, ಬತ್ತಗಳ ಗದ್ದೆಯಾಯಿತು; 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು; 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯೆನಿಸಿತು. ಇಷ್ಟಕ್ಕೂ ಮೂಲವಾದದ್ದು ಒಂದು ನಾಲೆ.

ಆ ನಾಲೆಗೆ ಮೊದಲು ಅಂದಿನ ವೈಸರಾಯ್ ಲಾರ್ಡ್ ಇರ್ವಿನ್ನರ ಹೆಸರಿತ್ತು. ಅನಂತರ ವಿಶ್ವೇಶ್ವರಯ್ಯ ನಾಲೆ ಎಂದಾಯಿತು. ಜನರ ಬಾಯಲ್ಲಿ ಅದು ವಿ.ಸಿ. ನಾಲೆ. ನಮ್ಮ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಎಷ್ಟೋ ಮಂದಿ ದಿನನಿತ್ಯ ಅದನ್ನಾಗಲಿ, ಅದರ ಕವಲುಗಳನ್ನಾಗಲಿ ದಾಟಿಯೇ ಬರುತ್ತಾರೆ. ಆದರೆ ಆ ನಾಲೆಯನ್ನು ಕುರಿತು ಅವರು ಓದಿರುವುದೇನು? ಪಠ್ಯಪುಸ್ತಕದ ನಾಲ್ಕು ಸಾಲು, ಪತ್ರಿಕೆಯ ಸುದ್ದಿ. ಆ ಸುದ್ದಿಯಾದರೂ ಎರಡೇ ಬಗೆಯದು: ನೀರು ಬಿಡಲಿಲ್ಲವೆಂಬ ಚಳವಳಿ, ಇಲ್ಲವೇ ನೀರಿಗೆ ಬಿದ್ದು ಸತ್ತವರ ಲೆಕ್ಕ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಈ ನಾಲೆಗೆ ಉರುಳಿ ಸುಮಾರು ಮೂವತ್ತು ಜನ ಅಸುನೀಗಿದರು; ಅವರಲ್ಲಿ ಶಾಲೆಯ ಮಕ್ಕಳೂ ಇದ್ದರು. ನಮ್ಮನ್ನು ಸಾಕುವ ನೀರನ್ನು ನಾವು ಬರ ಮತ್ತು ಮರಣಗಳ ಮೂಲಕ ಮಾತ್ರ ಬಲ್ಲೆವೆಂದರೆ ಅದು ವಿದ್ಯಾಸಂಸ್ಥೆಗಳು ಯೋಚಿಸಬೇಕಾದ ಸಂಗತಿ.

ಆದಕಾರಣ ಶ್ರೀಮಠದ ಶಾಲೆಯ ಗ್ರಂಥಭಂಡಾರದಲ್ಲಿ ಕಾಲುವೆ, ಕೆರೆ, ಹೊಳೆ, ದೋಣಿಗಳನ್ನು ಕುರಿತ ಗ್ರಂಥಗಳಿಗಾಗಿಯೇ ಒಂದು ಕಪಾಟನ್ನು ಮೀಸಲಿಡಬೇಕೆಂಬುದು ಈ ಲೇಖನದ ಸೂಚನೆ. ಕನ್ನಡ ಪಂಡಿತನಿಗೆ ಇದರ ಗೊಡವೆ ಏಕೆ, ಇದು ವಿಜ್ಞಾನದ ಅಧ್ಯಾಪಕರ ಕೆಲಸವಲ್ಲವೇ ಎಂದು ಕೆಲವರು ಕೇಳಬಹುದು. ನೀರಿನ ವೇಗವನ್ನೂ ಒತ್ತಡವನ್ನೂ ಅವರು ಕಲಿಸಲಿ. ಆದರೆ ತೂಬು, ಕೋಡಿ, ಏರಿ, ಅಚ್ಚುಕಟ್ಟು, ನೀರುಗಂಟಿ, ಹುಟ್ಟು, ಹರಿಗೋಲು ಎಂಬ ಮಾತುಗಳು ಯಾರ ಪಾಲಿನವು? ಪದ ಹೋದ ಮೇಲೆ ಪದಾರ್ಥವನ್ನು ಕಾಯುವವರಿರುವುದಿಲ್ಲ. ಕೋಡಿ ಎಂದರೇನೆಂದು ತಿಳಿಯದ ಹುಡುಗ ಮುಂದೆ ಅಧಿಕಾರಿಯಾದರೆ, ಕೋಡಿ ಹರಿಯುವ ಜಾಗದಲ್ಲಿ ಮನೆ ಕಟ್ಟಲು ಅಪ್ಪಣೆ ಕೊಟ್ಟಾನು. ಆದುದರಿಂದ ಇದು ಭಾಷೆಯ ಅಧ್ಯಾಪಕನ ಕೆಲಸವೂ ಹೌದು.

ಕಪಾಟಿನ ಮೊದಲ ಹಲಗೆಯಲ್ಲಿ ನಮ್ಮ ಹಳೆಯ ಗ್ರಂಥಗಳೇ ಇರಲಿ. ರಾಘವಾಂಕ ಕವಿಯ ಸಿದ್ಧರಾಮ ಚಾರಿತ್ರವನ್ನು ಭಕ್ತಿಕಾವ್ಯವೆಂದು ಓದುತ್ತೇವೆ. ಅದು ಜಲಕಾರ್ಯದ ಕಾವ್ಯವೂ ಆಗಿದೆ. ಸೊನ್ನಲಿಗೆಯಲ್ಲಿ ಕೆರೆ ತೋಡಿಸಿ ಲೋಕಕ್ಕೆ ನೀರು ಕೊಟ್ಟವರು ಶಿವಯೋಗಿ ಸಿದ್ಧರಾಮರು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಸಿದ್ಧರಾಮರನ್ನು ಮಣ್ಣು ಅಗೆಯುವ ಒಡ್ಡನೆಂದು ಕರೆದು ಕೆಣಕುವ ಪ್ರಸಂಗವಿದೆ. ಹೊರಗಿನ ಕೆರೆ ದೊಡ್ಡದೋ ಒಳಗಿನ ಅರಿವು ದೊಡ್ಡದೋ ಎಂಬ ಆ ವಾದವನ್ನು ನಮ್ಮ ಮಕ್ಕಳು ಎರಡೂ ಕಡೆಯಿಂದ ಓದಬೇಕು. ಪ್ರಭುವಿನ ಮಾತಿನಿಂದ ಕೆರೆ ಬತ್ತಲಿಲ್ಲ. ಕೆರೆ ಕಟ್ಟಿದವನ ಅಹಂಕಾರ ಮಾತ್ರ ಬತ್ತಿತು ಎಂಬುದು ನನ್ನ ತಿಳಿವಳಿಕೆ. ಕಾಯಕಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕಿಲ್ಲ.

ಅದರ ಪಕ್ಕದಲ್ಲಿ ಅಂಬಿಗರ ಚೌಡಯ್ಯನವರ ವಚನಗಳ ಸಂಪುಟವಿರಬೇಕು. ತುಂಗಭದ್ರೆಯ ದಡದ ಚೌಡದಾನಪುರದಲ್ಲಿ ದೋಣಿ ನಡೆಸುವ ಕಾಯಕದಲ್ಲಿದ್ದ ಆ ಶರಣರ ನಿಷ್ಠುರವಾದ ನುಡಿ ಪ್ರಸಿದ್ಧವಾದುದು. ಬಿದಿರಿನ ಕೆಲಸ ಮಾಡುತ್ತಿದ್ದ ಮೇದರ ಕೇತಯ್ಯನವರನ್ನೂ ಜೊತೆಯಲ್ಲಿ ನೆನೆಯೋಣ. ಬಿದಿರ ಬುಟ್ಟಿಯನ್ನು ಹೆಣೆಯುವ ಕೈಯಿಲ್ಲದೆ ಹರಿಗೋಲಿಲ್ಲ, ಹರಿಗೋಲಿಲ್ಲದೆ ಅಂಬಿಗನಿಲ್ಲ. ಒಬ್ಬರ ಕಾಯಕ ಮತ್ತೊಬ್ಬರ ಕಾಯಕವನ್ನು ಹೊತ್ತು ನಿಲ್ಲುವ ಬಗೆಯನ್ನು ಮಕ್ಕಳಿಗೆ ತೋರಿಸಲು ಇದೊಂದು ಉದಾಹರಣೆ ಸಾಕು. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರವನ್ನೂ ಮರೆಯಬಾರದು. ನೆಲದಡಿಯ ನೀರನ್ನು ಕುರುಹುಗಳಿಂದ ಕಂಡುಕೊಳ್ಳುವ ವಿಷಯಕ್ಕೆ ಅದರಲ್ಲಿ ಸ್ಥಾನವುಂಟು. ಅಂದಿನ ಕುರುಹುಗಳೆಲ್ಲ ಇಂದಿನ ಪರೀಕ್ಷೆಗೆ ನಿಲ್ಲದಿರಬಹುದು; ಆದರೆ ನೀರನ್ನು ಹುಡುಕುವುದು ಕನ್ನಡದಲ್ಲಿ ಶಾಸ್ತ್ರವಾಗಿತ್ತು ಎಂಬುದನ್ನು ತಿಳಿಯಬೇಡವೇ?

ಶಾಸನಗಳ ವಿಚಾರಕ್ಕೆ ಬಂದರೆ, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ ಏಳನೆಯ ಸಂಪುಟದಲ್ಲಿ ನಮ್ಮ ಮೂರೂ ತಾಲ್ಲೂಕುಗಳ ಶಾಸನಗಳಿವೆ. ಮದ್ದೂರು ತಾಲ್ಲೂಕಿನ ಆತಕೂರಿನ ಕ್ರಿ.ಶ. 949–50ರ ಶಾಸನವನ್ನು ಬಲ್ಲವರು ಬಹಳ. ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತದ್ದಕ್ಕೆ ನಿಲ್ಲಿಸಿದ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ಕಲ್ಲಿನ ಪೂಜೆಗಾಗಿ ಊರ ದೊಡ್ಡ ಕೆರೆಯ ಕೆಳಗೆ ಎರಡು ಕಂಡುಗ ಮಣ್ಣನ್ನು ದತ್ತಿ ಬಿಟ್ಟರೆಂಬ ಮಾತೂ ಅಲ್ಲೇ ಇದೆ. ಸಾವಿರ ವರ್ಷಗಳ ಹಿಂದೆಯೇ ಆತಕೂರಿನಲ್ಲಿ ಹಿರಿಯ ಕೆರೆಯೊಂದಿತ್ತು, ಅದರಡಿಯ ನೆಲಕ್ಕೆ ಬೆಲೆಯಿತ್ತು ಎಂದಾಯಿತಲ್ಲವೇ? ಸ್ವಲ್ಪ ದೂರದ ಕಡಪ ಸೀಮೆಯ ಪೋರುಮಾಮಿಳ್ಳದ 1369ರ ಸಂಸ್ಕೃತ ಶಾಸನವಂತೂ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಅದರ ಸಾರವನ್ನು ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿ ತರಗತಿಯ ಗೋಡೆಗೆ ತೂಗುಹಾಕಬಹುದು.

ಎರಡನೆಯ ಹಲಗೆಯಲ್ಲಿ ನಮ್ಮ ಹೊಳೆ ಮತ್ತು ನಾಲೆಗಳ ಚರಿತ್ರೆಯಿರಲಿ. ಕೃಷ್ಣರಾಜಸಾಗರಕ್ಕೆ ಮೊದಲು ಇಲ್ಲಿ ನಾಲೆಗಳೇ ಇರಲಿಲ್ಲವೆಂಬ ಭಾವನೆ ಮಕ್ಕಳಲ್ಲಿದೆ, ಅದು ಸರಿಯಲ್ಲ. ಶ್ರೀರಂಗಪಟ್ಟಣದ ಸುತ್ತಮುತ್ತ ಒಡೆಯರ ಕಾಲದ ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಜ ಸಾಗರ ನಾಲೆ, ವಿರಿಜಾ ನಾಲೆಗಳಿವೆ. ಬಂಗಾರದೊಡ್ಡಿ ನಾಲೆಯ ನೀರು ಕಾವೇರಿಯ ಕವಲನ್ನು ಮೇಲ್ಗಾಲುವೆಯ ಮೂಲಕ ದಾಟಿ ದ್ವೀಪವನ್ನು ಸೇರುತ್ತದೆ. ಹೊಳೆಯ ಮೇಲೆಯೇ ಹೊಳೆಯ ನೀರನ್ನು ನಡೆಸಿದ ಜಾಣ್ಮೆ ಅದು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1640ರ ದಶಕದಲ್ಲಿ, ಕಾವೇರಿಗೆ ಕಟ್ಟಿದ ಒಡ್ಡಿನಿಂದಲೇ ಇಂದಿನ ರಂಗನತಿಟ್ಟಿನ ನಡುಗಡ್ಡೆಗಳು ಉಂಟಾದವು. ಬೇಸಾಯಕ್ಕೆಂದು ಕಟ್ಟಿದ ಕಟ್ಟೆ ಹಕ್ಕಿಗಳಿಗೆ ತವರಾಯಿತು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮದ್ದೂರು, ಮಂಡ್ಯಗಳ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಬಂದನು. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ನಮ್ಮ ಸೀಮೆಯ ಮಣ್ಣು, ಬೆಳೆ, ನೀರಾವರಿಗಳ ವಿವರವಿದೆ. ಮೂರು ಸಂಪುಟಗಳನ್ನು ಯಾರು ಓದುತ್ತಾರೆ ಎಂದು ಹೆದರುವುದು ಬೇಡ. ನಮ್ಮ ಸೀಮೆಗೆ ಸೇರಿದ ಪುಟಗಳನ್ನಷ್ಟೇ ಆರಿಸಿ ಕೊಟ್ಟರೆ ಹತ್ತನೆಯ ತರಗತಿಯ ಮಕ್ಕಳೂ ಓದಿಯಾರು.

ಇನ್ನು ಸರ್ ಎಂ. ವಿಶ್ವೇಶ್ವರಯ್ಯನವರು. ಪ್ರತಿ ಸೆಪ್ಟೆಂಬರ್ 15ರಂದು ಶಾಲೆಗಳಲ್ಲಿ ಅವರನ್ನು ಕುರಿತು ಭಾಷಣಗಳಾಗುತ್ತವೆ. ಅದೇ ಮೂರು ನಾಲ್ಕು ಕಥೆಗಳು ವರ್ಷದಿಂದ ವರ್ಷಕ್ಕೆ ಬಾಯಿಂದ ಬಾಯಿಗೆ ಹರಿಯುತ್ತವೆ. ಅವರೇ ಬರೆದು 1951ರಲ್ಲಿ ಪ್ರಕಟಿಸಿದ ‘ಮೆಮಾಯರ್ಸ್ ಆಫ್ ಮೈ ವರ್ಕಿಂಗ್ ಲೈಫ್’ ಎಂಬ ಗ್ರಂಥವನ್ನು ತೆರೆದವರು ಮಾತ್ರ ವಿರಳ. ಅದರಲ್ಲಿ ಆತ್ಮಪ್ರಶಂಸೆಯಿಲ್ಲ, ಕೆಲಸದ ವಿವರವಿದೆ. ಮುಂಬಯಿ ಪ್ರಾಂತ್ಯದ ಸೇವೆಯಲ್ಲಿದ್ದಾಗ ಅವರು ರೂಪಿಸಿದ ಬ್ಲಾಕ್ ಪದ್ಧತಿ, ಅಂದರೆ ಕಾಲುವೆಯ ನೀರನ್ನು ಊರೂರಿಗೆ ಗೊತ್ತಾದ ತುಂಡುಗಳಲ್ಲಿ ಹಂಚಿ ಬೆಳೆಯನ್ನು ಸರದಿಯಂತೆ ಬದಲಿಸುವ ಕ್ರಮ, ಇಂದಿಗೂ ನಾವು ಯೋಚಿಸಬೇಕಾದುದು. ಕಬ್ಬಿನ ಮೇಲೆ ಕಬ್ಬು, ಬತ್ತದ ಮೇಲೆ ಬತ್ತ ಹಾಕಿ ಗದ್ದೆಯನ್ನು ಜವುಳು ಮಾಡಿಕೊಂಡವರಿಗೆ ಅದರ ಬೆಲೆ ತಿಳಿದೀತು.

ಓದಿದರೆ ಇನ್ನೊಂದು ಲಾಭವುಂಟು. ಪೂಜೆ ಹೋಗಿ ಗೌರವ ಬರುತ್ತದೆ. ಕನ್ನಂಬಾಡಿ ಕಟ್ಟೆಯ ಕೆಲಸ ಪ್ರಾರಂಭವಾದದ್ದು 1911ರಲ್ಲಿ. ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ನಿವೃತ್ತರಾದದ್ದು 1918ರಲ್ಲಿ. ಮದರಾಸಿನೊಡನೆ ಒಪ್ಪಂದವಾದದ್ದು 1924ರಲ್ಲಿ. ನಾಲೆಯ ನೀರು ನಮ್ಮ ಗದ್ದೆಗಳಿಗೆ ಬಂದಾಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಸಿಂಹಾಸನದಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಕಬ್ಬಿನ ಬೇಸಾಯಕ್ಕೂ ಸಕ್ಕರೆ ಕಾರ್ಖಾನೆಗೂ ದುಡಿದವರು ಕೆನಡಾ ದೇಶದ ಲೆಸ್ಲಿ ಕೋಲ್ಮನ್. ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದು ಒಂದೂವರೆ ಮೈಲಿಗೂ ಹೆಚ್ಚು ಉದ್ದದ ಸುರಂಗದಲ್ಲಿ ನೀರನ್ನು ಹರಿಸಿದವರು ಹೆಸರಿಲ್ಲದ ಸಾವಿರಾರು ಕೂಲಿಗಳು. ಮನೆಮಠಗಳನ್ನು ನೀರಿಗೆ ಬಿಟ್ಟುಕೊಟ್ಟು ಎದ್ದು ಹೋದವರು ಕನ್ನಂಬಾಡಿಯ ಮತ್ತು ಸುತ್ತಲ ಊರುಗಳ ಜನ. ಒಬ್ಬ ಮಹಾಪುರುಷನ ಸ್ತುತಿಯಲ್ಲಿ ಇವರೆಲ್ಲ ಮರೆಯಾಗುವುದನ್ನು ಆ ಮಹಾಪುರುಷರೇ ಮೆಚ್ಚುತ್ತಿರಲಿಲ್ಲ. ಆದ್ದರಿಂದ ಮಿರ್ಜಾ ಅವರ ‘ಮೈ ಪಬ್ಲಿಕ್ ಲೈಫ್’ ಎಂಬ 1954ರ ಆತ್ಮಕಥೆಯನ್ನೂ, ಡಿ.ವಿ.ಜಿ. ಅವರ ಜ್ಞಾಪಕ ಚಿತ್ರಶಾಲೆಯಲ್ಲಿ ಮೈಸೂರಿನ ದಿವಾನರನ್ನು ಕುರಿತ ಸಂಪುಟವನ್ನೂ ಜೊತೆಗಿಟ್ಟು ಓದಿಸಬೇಕು.

ನಾಲೆಯು ಊರಿನ ಬದುಕನ್ನು ಏನು ಮಾಡಿತು ಎಂಬುದನ್ನು ತಿಳಿಯಲು ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದುಷಿಯ 1962ರ ಗ್ರಂಥಕ್ಕೆ ಸಮನಾದುದು ಇನ್ನೊಂದಿಲ್ಲ. ಆಕೆ 1950ರ ದಶಕದಲ್ಲಿ ಮಂಡ್ಯದ ಆಸುಪಾಸಿನ ಎರಡು ಹಳ್ಳಿಗಳಲ್ಲಿ ಅಧ್ಯಯನ ನಡೆಸಿದರು. ಗುಟ್ಟು ಕಾಯಲೆಂದು ಅವುಗಳಿಗೆ ವಂಗಲ, ದಲೇನ ಎಂಬ ಹೆಸರುಗಳನ್ನಿಟ್ಟರು. ವಂಗಲಕ್ಕೆ ನಾಲೆಯ ನೀರು ಬಂದಿತು. ದಲೇನ ಎತ್ತರದಲ್ಲಿದ್ದುದರಿಂದ ಒಣಭೂಮಿಯಾಗಿಯೇ ಉಳಿಯಿತು. ನೀರು ಬಂದ ಊರೇ ಹೆಚ್ಚು ಬದಲಾಯಿತೆಂದು ನಾವು ಊಹಿಸುತ್ತೇವೆ. ಆಕೆ ಕಂಡದ್ದು ಬೇರೆ. ನೀರಾವರಿಯ ಊರು ಐಶ್ವರ್ಯವನ್ನು ಗಳಿಸಿತಾದರೂ ಬೇಸಾಯವೇ ಮುಂದುವರಿದುದರಿಂದ ಹಳೆಯ ಕಟ್ಟುಪಾಡುಗಳೂ ಹಳೆಯ ಸಂಬಂಧಗಳೂ ಹೆಚ್ಚು ಕಡಮೆ ಹಾಗೆಯೇ ನಿಂತವು. ನೀರು ಸಿಗದ ಊರಿನವರು ಸುತ್ತಲಿನ ಅಭ್ಯುದಯದಲ್ಲಿ ಪಾಲು ಪಡೆಯಲು ಹೊರಗೆ ಹೊರಟು, ಪಟ್ಟಣದ ಉದ್ಯೋಗಕ್ಕೂ ವ್ಯಾಪಾರಕ್ಕೂ ಕೈಹಾಕಿ, ಒಳಗಿಂದಲೇ ಬದಲಾದರು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಗದ್ದೆಯ ಊರಿನವರೂ ಇದ್ದಾರೆ, ಬೆದ್ದಲ ಊರಿನವರೂ ಇದ್ದಾರೆ. ಅವರವರ ಮನೆತನದ ಕಥೆಯನ್ನು ಈ ಗ್ರಂಥದ ಪಕ್ಕದಲ್ಲಿಟ್ಟು ನೋಡಿಕೊಳ್ಳಲಿ. ಒಪ್ಪುವುದೋ ಬಿಡುವುದೋ ಆಮೇಲಿನ ಮಾತು.

ಮೂರನೆಯ ಹಲಗೆ ದೋಣಿಗಳದು. ನಮ್ಮ ನಾಲೆಯಲ್ಲಿ ದೋಣಿಯೇ ನಡೆಯುವುದಿಲ್ಲ, ದೋಣಿಯ ಪುಸ್ತಕವೇಕೆ ಎನ್ನಬಹುದು. ಅದೇ ಪ್ರಶ್ನೆಯಿಂದ ಪಾಠ ಪ್ರಾರಂಭವಾಗಲಿ: ಏಕೆ ನಡೆಯುವುದಿಲ್ಲ? ದೋಣಿಗೆ ಬೇಕಾದುದು ಸಮತಲದ, ಮಂದಗತಿಯ, ವರ್ಷವಿಡೀ ನಿಲ್ಲುವ ನೀರು. ಬೇಸಾಯಕ್ಕೆ ಬೇಕಾದುದು ಇಳಿಜಾರಿನಲ್ಲಿ ಹರಿದು ತೂಬಿನಿಂದ ತೂಬಿಗೆ ಹಂಚಿಹೋಗುವ ನೀರು. ಎರಡೂ ಕೂಡಬೇಕಾದರೆ ನೆಲ ಇಳಿಯುವ ಕಡೆ ಹಿಂದೊಂದು ಮುಂದೊಂದು ಬಾಗಿಲುಳ್ಳ ನೀರಕೋಣೆಯನ್ನು ಕಟ್ಟಿ, ದೋಣಿಯನ್ನು ಒಳಗೆ ಬಿಟ್ಟುಕೊಂಡು, ನೀರನ್ನು ಏರಿಸಿಯೋ ಇಳಿಸಿಯೋ ಅದನ್ನು ಮೆಟ್ಟಿಲು ದಾಟಿಸಬೇಕು. ಇದನ್ನೇ ಲಾಕ್ ಎನ್ನುತ್ತಾರೆ. ನಮ್ಮ ನಾಲೆ ಬೇಸಾಯಕ್ಕೆಂದೇ ಕಟ್ಟಿದ್ದು. ಅದರ ನೀರು ಬಿರುಸಿನದು, ದಡ ಕಡಿದಾದದ್ದು, ಬಿದ್ದವನಿಗೆ ಹಿಡಿದು ಏರಲು ಆಸರೆಯಿಲ್ಲ. ಇಷ್ಟನ್ನು ಅರ್ಥಮಾಡಿಕೊಂಡ ಹುಡುಗ ಬೇಸಿಗೆಯಲ್ಲಿ ನಾಲೆಗೆ ಧುಮುಕುವ ಮೊದಲು ಒಂದು ಕ್ಷಣ ನಿಂತಾನು. ಓದು ಜೀವವನ್ನು ಉಳಿಸುವುದು ಹೀಗೂ ಉಂಟು.

ನಮ್ಮ ಹೊಳೆಗಳ ಸ್ವಂತ ನೌಕೆಯೆಂದರೆ ಹರಿಗೋಲು. ಹಳಗನ್ನಡದ ಪಕಾರ ಹಕಾರವಾಗಿ ಪರಿಗೋಲ್ ಹರಿಗೋಲಾಯಿತು. ಪದದ ವಯಸ್ಸೇ ವಸ್ತುವಿನ ವಯಸ್ಸನ್ನು ಸಾರುತ್ತದೆ. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಆನೆಗುಂದಿಯ ಬಳಿ ಬುಟ್ಟಿಯಂತಹ, ಹೊರಗೆ ಚರ್ಮ ಹೊದಿಸಿದ ದುಂಡು ದೋಣಿಗಳನ್ನು ಕಂಡು, ಅವು ಹದಿನೈದು ಇಪ್ಪತ್ತು ಜನರನ್ನೂ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುವುದನ್ನು ಬರೆದಿಟ್ಟಿದ್ದಾನೆ. ರಾಬರ್ಟ್ ಸೂಯೆಲನ 1900ರ ‘ಎ ಫರ್ಗಾಟನ್ ಎಂಪೈರ್’ ಗ್ರಂಥದಲ್ಲಿ ಆ ವರದಿ ಇಡಿಯಾಗಿ ಸಿಗುತ್ತದೆ. ಸೇತುವೆಗಳು ಬಂದ ಮೇಲೆ ಹರಿಗೋಲು ಕಾವೇರಿಯ ಕೆಲವೆಡೆ ಪ್ರವಾಸಿಗರ ವಿನೋದಕ್ಕೆ ಉಳಿದಿದೆ. ಗೊರೂರು ರಾಮಸ್ವಾಮಯ್ಯಂಗಾರ್ಯರ ಹಳ್ಳಿಯ ಬರಹಗಳನ್ನು ಈ ಹಲಗೆಯಲ್ಲಿಟ್ಟರೆ, ಹೊಳೆಯ ದಡದ ಬದುಕು ಕನ್ನಡದ ನಗೆಯೊಡನೆ ಮಕ್ಕಳಿಗೆ ದೊರೆಯುತ್ತದೆ.

ಭಾರತದ ಜಲಮಾರ್ಗಗಳ ವಿಷಯದಲ್ಲಿ ಸರ್ ಆರ್ಥರ್ ಕಾಟನ್ನರ ಜೀವನಚರಿತ್ರೆ ಓದತಕ್ಕದ್ದು. ಅವರ ಮಗಳು ಲೇಡಿ ಹೋಪ್ 1900ರಲ್ಲಿ ಅದನ್ನು ಪ್ರಕಟಿಸಿದರು. ಗೋದಾವರಿಗೆ ಧವಳೇಶ್ವರದಲ್ಲಿ ಅಣೆಕಟ್ಟು ಕಟ್ಟಿಸಿದ ಅವರು, ಈ ದೇಶಕ್ಕೆ ರೈಲಿಗಿಂತ ದೋಣಿಗಾಲುವೆಗಳೇ ಹಿತವೆಂದು ಜೀವಮಾನವಿಡೀ ವಾದಿಸಿದರು. ನಮ್ಮ ತುಂಗಭದ್ರೆಯ ಕೆಳಹರಿವಿನಲ್ಲಿ 1860ರ ದಶಕದಲ್ಲಿ ತೋಡಿದ ಕರ್ನೂಲು–ಕಡಪ ಕಾಲುವೆ ನೀರಾವರಿಗೂ ದೋಣಿಗೂ ಎಂದು ಹುಟ್ಟಿದ್ದು; ಅದನ್ನು ಕಟ್ಟಿದ ಕಂಪನಿ ನಷ್ಟಕ್ಕೊಳಗಾಗಿ 1882ರಲ್ಲಿ ಸರ್ಕಾರವೇ ಅದನ್ನು ಕೊಂಡುಕೊಂಡಿತು. ಮದರಾಸಿನ ಬಕಿಂಗ್‌ಹ್ಯಾಮ್ ಕಾಲುವೆ ಒಂದು ಕಾಲಕ್ಕೆ ಸೌದೆ, ಉಪ್ಪು, ಧಾನ್ಯಗಳ ಹೆದ್ದಾರಿಯಾಗಿದ್ದು, ಆಮೇಲೆ ನಗರದ ಕೊಳಚೆಯ ಹಾದಿಯಾಯಿತು. ಕಟ್ಟುವುದಕ್ಕಿಂತ ಕಾಪಾಡುವುದು ಕಷ್ಟವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಾಪಾಡುವುದರಲ್ಲಿ ಪುಸ್ತಕವೊಂದು ಏನು ಮಾಡಬಲ್ಲುದು ಎಂಬುದಕ್ಕೆ ಇಂಗ್ಲೆಂಡಿನ ಒಂದು ಪ್ರಸಂಗವನ್ನು ಹೇಳಬೇಕು. ಅಲ್ಲಿನ ಹಳೆಯ ಕಾಲುವೆಗಳು ರೈಲು, ಲಾರಿಗಳ ಪೈಪೋಟಿಯಲ್ಲಿ ಸೋತು ಹೂಳು ತುಂಬಿ ನಿಂತಿದ್ದವು. ಎಲ್.ಟಿ.ಸಿ. ರೋಲ್ಟ್ ಎಂಬ ಎಂಜಿನಿಯರ್ 1939ರಲ್ಲಿ ಕ್ರೆಸಿ ಎಂಬ ಕಿರುದೋಣಿಯನ್ನೇ ಮನೆಮಾಡಿಕೊಂಡು ಆ ಕಾಲುವೆಗಳಲ್ಲಿ ಸಂಚರಿಸಿ, ದಡದ ಊರುಗಳನ್ನೂ ದೋಣಿಯವರ ನುಡಿ ನಡೆಗಳನ್ನೂ ಕುರಿತು ‘ನ್ಯಾರೋ ಬೋಟ್’ ಎಂಬ ಪುಸ್ತಕ ಬರೆದನು. ಅದು 1944ರಲ್ಲಿ ಅಚ್ಚಾಯಿತು. ಓದಿದವರಲ್ಲಿ ರಾಬರ್ಟ್ ಐಕ್‌ಮನ್ ಎಂಬ ಲೇಖಕನು ಅವನಿಗೆ ಕಾಗದ ಬರೆದನು. 1946ರಲ್ಲಿ ಕಾಲುವೆಗಳ ರಕ್ಷಣೆಗೆ ಸಂಘವೊಂದು ಹುಟ್ಟಿತು. ಮುಚ್ಚಿಹೋಗಲಿದ್ದ ಎಷ್ಟೋ ಕಾಲುವೆಗಳು ಉಳಿದವು. ಆಜ್ಞೆ ಹೊರಡಿಸುವ ಅಧಿಕಾರವಾಗಲಿ ಹಣವಾಗಲಿ ಅವನಲ್ಲಿರಲಿಲ್ಲ. ಕಂಡದ್ದನ್ನು ಪ್ರೀತಿಯಿಂದ, ಸರಿಯಾದ ಹೆಸರು ಹಿಡಿದು ಬರೆದ ಒಂದು ಪುಸ್ತಕವಿತ್ತು, ಅಷ್ಟೇ. ಇದರೊಡನೆ ಬೆಲ್ಜಿಯಂ, ಫ್ರಾನ್ಸ್‌ಗಳ ಕಾಲುವೆ ಹೊಳೆಗಳಲ್ಲಿ ಕಿರುದೋಣಿ ನಡೆಸಿದ ಆರ್.ಎಲ್. ಸ್ಟೀವನ್‌ಸನ್ನನ ‘ಆನ್ ಇನ್‌ಲ್ಯಾಂಡ್ ವಾಯೇಜ್’ ಎಂಬ 1878ರ ಪುಟ್ಟ ಗ್ರಂಥವನ್ನೂ ಇಡಬಹುದು. ಇಂಗ್ಲಿಷ್ ಗದ್ಯದ ಸೊಗಸಿಗಾಗಿಯಾದರೂ ಅದು ಓದಲರ್ಹ.

ಹೀಗೆ ಹಲಗೆಗಳು ತುಂಬಿದ ಮೇಲೆ ಒಂದು ಜಾಗ ಖಾಲಿ ಉಳಿಯುತ್ತದೆ. ನಮ್ಮ ನಾಲೆಯನ್ನು ಅದರ ತಲೆಯಿಂದ ಬಾಲದವರೆಗೆ ನಡೆದು ನೋಡಿ, ನಮ್ಮ ಮಕ್ಕಳಿಗಾಗಿ ಕನ್ನಡದಲ್ಲಿ ಬರೆದ ಪುಸ್ತಕದ ಜಾಗ ಅದು. ಮದ್ದೂರು ಶಾಖೆ, ಹೆಬ್ಬಕವಾಡಿ ಶಾಖೆ, ತುರುಗನೂರು ಶಾಖೆಗಳು ಎಲ್ಲಿ ಕವಲೊಡೆಯುತ್ತವೆ, ಶಿಂಷೆಯ ನೀರನ್ನು ಮದ್ದೂರಿನ ಸೀಮೆ ಹೇಗೆ ಬಳಸುತ್ತದೆ, ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಕಾಲುವೆಯಿಂದ ಇಳಿಸಿದ ನೀರು ಕೋಲಾರದ ಚಿನ್ನದ ಗಣಿಗೆ ಹೇಗೆ ವಿದ್ಯುತ್ತಾಯಿತು, ಕೊನೆಯ ಅಚ್ಚುಕಟ್ಟಿನ ರೈತನಿಗೆ ನೀರು ಏಕೆ ತಡವಾಗಿ ಮುಟ್ಟುತ್ತದೆ, ಎಂಬುದೆಲ್ಲ ಅದರಲ್ಲಿ ಬರಬೇಕು. ನೀರುಗಂಟಿ, ಸೌಡಿಗಳ ಬಾಯಲ್ಲಿರುವ ಮಾತುಗಳ ಕೋಶವೊಂದು ಕೊನೆಯಲ್ಲಿರಬೇಕು. ಕಿಟೆಲರು ದೂರದೇಶದಿಂದ ಬಂದು 1894ರಲ್ಲಿ ನಮ್ಮ ನಿಘಂಟನ್ನು ಕೊಟ್ಟುಹೋದರು. ನಮ್ಮ ಮನೆಯ ಹಿಂದಿನ ಕಾಲುವೆಯ ಪದಗಳನ್ನು ಕೂಡಿಸಲು ಇನ್ನೊಬ್ಬ ಕಿಟೆಲರು ಬರಲಿ ಎಂದು ಕಾಯುವುದು ಮರ್ಯಾದೆಯಲ್ಲ. ಆ ಮಾತುಗಳನ್ನು ಬಲ್ಲ ಹಿರಿಯರು ವರ್ಷ ವರ್ಷಕ್ಕೂ ಕಡಮೆಯಾಗುತ್ತಿದ್ದಾರೆ.

ಇದಕ್ಕೆ ಬೇಕಾದ ಸಾಧನಗಳು ಅಲ್ಪ. ಬುಕಾನನ್, ಸೂಯೆಲ್, ಸ್ಟೀವನ್‌ಸನ್ ಮೊದಲಾದವರ ಹಳೆಯ ಗ್ರಂಥಗಳು ಈಗ ಅಂತರಜಾಲದ ಗ್ರಂಥಾಲಯಗಳಲ್ಲಿ ಹಣವಿಲ್ಲದೆ ದೊರೆಯುತ್ತವೆ. ಅವುಗಳಿಂದ ಬೇಕಾದ ಪುಟಗಳನ್ನು ಅಚ್ಚುಹಾಕಿ ಹೊಲಿಸಿದರಾಯಿತು. ಉಳಿದವನ್ನು ಕೊಳ್ಳಲು ದಾನಿಗಳಲ್ಲಿ ಒಬ್ಬಿಬ್ಬರು ಮನಸ್ಸು ಮಾಡಿದರೆ ಸಾಕು. ಕಟ್ಟಡಕ್ಕೆ ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತೇವೆ, ಅದು ಯುಕ್ತವೇ; ಗ್ರಂಥದಾಸೋಹಕ್ಕೆ ಕೊಟ್ಟವರ ಹೆಸರನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆಯೋಣ. ಬಹುಮಾನ ವಿತರಣೆಯ ದಿನ ಯಾರೂ ತೆರೆಯದ ಸುಭಾಷಿತ ಸಂಗ್ರಹಗಳ ಬದಲಿಗೆ ಇವುಗಳಲ್ಲಿ ಒಂದನ್ನು ಕೊಡಬಹುದು. ಅಧ್ಯಾಪಕ ಮಿತ್ರರು ವರ್ಷಕ್ಕೊಮ್ಮೆ, ನೀರು ನಿಲ್ಲಿಸಿರುವ ಕಾಲದಲ್ಲಿ, ಮಕ್ಕಳನ್ನು ನಾಲೆಯ ಏರಿಯ ಮೇಲೆ ಕ್ಷೇಮವಾಗಿ ನಡೆಸಿ ತೂಬುಗಳನ್ನು ತೋರಿಸಲಿ. ನೀರಾವರಿ ಇಲಾಖೆಯಲ್ಲಿ ದುಡಿದ, ಗದ್ದೆಯಲ್ಲಿ ದುಡಿದ ನಮ್ಮ ಹಳೆಯ ವಿದ್ಯಾರ್ಥಿಗಳು ತಾವು ಬಲ್ಲದ್ದನ್ನು ನಾಲ್ಕು ನಾಲ್ಕು ಪುಟ ಬರೆದುಕೊಡಲಿ. ಮುಂದಿನ ಸಂಚಿಕೆಯ ಹೊತ್ತಿಗೆ ಖಾಲಿ ಜಾಗದ ಪುಸ್ತಕದ ಮೊದಲ ಅಧ್ಯಾಯವಾದರೂ ಸಿದ್ಧವಾಗಿರಬೇಕು.

ತಾಯಿಯ ಚರಿತ್ರೆಯನ್ನು ಅರಿಯದ ಮಗ ತಾಯಿಯ ಹೆಸರಿನಲ್ಲಿ ಜಗಳವಾಡಬಲ್ಲನೇ ಹೊರತು ಆಕೆಯನ್ನು ಕಾಪಾಡಲಾರ. ನದೀಮಾತೃಕವೆಂಬ ಬಿರುದನ್ನು ಈ ಸೀಮೆ ತನ್ನ ಹಿರಿಯರ ಬೆವರಿನಿಂದ ಪಡೆಯಿತು. ಅದನ್ನು ಉಳಿಸಿಕೊಳ್ಳುವ ಅರ್ಹತೆಯನ್ನು ಮಕ್ಕಳು ಓದಿನಿಂದ ಪಡೆಯುವಂತಾಗಲಿ ಎಂದು ಶ್ರೀಗುರುಚರಣಗಳಲ್ಲಿ ಪ್ರಾರ್ಥಿಸುತ್ತೇನೆ.